ಎದೆ ನೋಡುವ ಹಕ್ಕಿ

ಮೂರನೆಯ ಸಲವೂ ಅಧಿಕಾರಿ ಶಾಲನ್ನು ಮೇಜಿನ ಅಂಚಿಗೆ ತಳ್ಳಿದ.

"ಎಷ್ಟು ಸಲ ಹೇಳ್ಬೇಕಮ್ಮಾ? ನಿಮ್ಮ ಜನರ ಹಕ್ಕಿ ಎಡಕ್ಕೆ ನೋಡುತ್ತೆ. ಇದು ಬಲಕ್ಕೆ ನೋಡ್ತಿದೆ."

ಅವನ ಬೆರಳು ಗೋಡೆಯತ್ತ ಹೋಯಿತು. ಗಾಜಿನ ಚೌಕಟ್ಟಿನೊಳಗೆ ಹಳೆಯ ಶಾಲೊಂದು. ಎರಡು ವರ್ಷದ ಹಿಂದೆ ಇಲಾಖೆ ತೂಗುಹಾಕಿದ ಮಾದರಿ. ಅಂಚಿನುದ್ದಕ್ಕೂ ಕೆಂಪು ಹಕ್ಕಿಗಳು, ಎಲ್ಲವೂ ಎಡಕ್ಕೆ.

ಸೊಸೆ ಅತ್ತೆ ನೇಯ್ದ ಶಾಲನ್ನು ಚೀಲಕ್ಕೆ ತುರುಕಿದಳು. ಮಾದರಿಗೆ ಹೊಂದಿದರೆ ಮುದ್ರೆ. ಮುದ್ರೆ ಬೀಳದಿದ್ದರೆ ನೇಕಾರರ ಹೊಸ ಪಟ್ಟಿಯಲ್ಲಿ ಮನೆಯ ಹೆಸರಿಲ್ಲ. ಬೀದಿಯ ಮಿಕ್ಕ ಮನೆಗಳಿಗೆಲ್ಲ ಬಿದ್ದಾಗಿತ್ತು. ನಾಳೆ ಕೊನೆಯ ದಿನ.

ಮನೆಯಲ್ಲಿ ಅತ್ತೆ ಕನ್ನಡಕ ಹುಡುಕುತ್ತಿದ್ದರು. ಅದು ಅವರ ಹಣೆಯ ಮೇಲೇ ಇತ್ತು.

"ಅತ್ತೆ, ನಿಮಗೆ ಮರೆವು. ಬೀದಿಗೆ ಬೀದಿಯೇ ಮಾದರಿ ನೋಡಿ ತಿದ್ದಿಕೊಂಡಿದೆ. ನಿಮ್ಮ ಹಕ್ಕಿ ಆ ಕಡೆ ತಿರುಗಿದ್ರೆ ಕತ್ತು ಉಳುಕುತ್ತಾ?"

"ಅದು ಹೊದ್ದವರ ಎದೆ ನೋಡ್ಬೇಕು ಕಣೇ. ಬೆನ್ನು ತಿರುಗಿಸಿ ಕೂತ್ರೆ ನಮ್ಮ ಹಕ್ಕಿ ಹೇಗಾಗುತ್ತೆ?"

"ನಿಮ್ಮ ಹಟದಿಂದ ಈ ಮನೇಲಿ ನೇಕಾರರೇ ಇರ್ಲಿಲ್ಲ ಅಂತಾಗುತ್ತೆ, ಅಷ್ಟೇ!"

ಅತ್ತೆ ಮಗ್ಗದ ಮುಂದೆ ಕಣ್ಣುಮುಚ್ಚಿ ಕೂತರು. ದೇವರ ಜೊತೆ ಏನು ಮಾತಾಯಿತೋ, ಎದ್ದು, "ನಾಳೆ ನಾನೂ ಬರ್ತೀನಿ" ಎಂದರು.

ಮರುದಿನ ಅದೇ ಶಾಲನ್ನು ಕಂಡು ಅಧಿಕಾರಿ ಹಣೆ ಚಚ್ಚಿಕೊಂಡ. "ಅಜ್ಜೀ, ಮಾದರಿ ಕಣ್ಣಿಗೆ ಕಾಣುತ್ತಾ?"

"ಕಮ್ಮಿ ಕಾಣುತ್ತಪ್ಪಾ. ಮುಟ್ಟಿ ನೋಡ್ತೀನಿ, ಇಳಿಸಿಕೊಡು."

"ಅದನ್ನ ಮುಟ್ಟೋ ಹಾಗಿಲ್ಲ."

"ಇಷ್ಟು ದಿನ ಯಾರೂ ಮುಟ್ಟಿಲ್ವಾ?"

"ಒಬ್ಬರೂ ಇಲ್ಲ!" ಅವನ ದನಿಯಲ್ಲಿ ಹೆಮ್ಮೆಯಿತ್ತು.

ಸೊಸೆಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. "ಅತ್ತೆ, ಮರ್ಯಾದೆ ಹೋಗಿದ್ದು ಸಾಕು, ಏಳಿ" ಎಂದಳು. ಅತ್ತೆ ಅಲುಗಲಿಲ್ಲ. ಹಿಂದೆ ಪಟ್ಟಿಯಲ್ಲಿ ಹೆಸರು ನೋಡಲು ಬಂದ ಬೀದಿಯವರ ಸಾಲು ಬೆಳೆಯುತ್ತಿತ್ತು, ಗೊಣಗಾಟವೂ. ಪೀಡೆ ತೊಲಗಲೆಂದು ಅಧಿಕಾರಿ ಚೌಕಟ್ಟು ಇಳಿಸಿ ಗಾಜು ತೆಗೆದ.

ಅತ್ತೆ ಬೆರಳಾಡಿಸಿದರು. ಒಂದೊಂದು ಹಕ್ಕಿಯ ಮೇಲೂ ಬೆರಳು ತಡೆಯಿತು: ಸಾಸಿವೆಯಷ್ಟು ಸಣ್ಣ ನೂಲಿನ ಗಂಟು, ಮತ್ತೊಂದು, ಮಗದೊಂದು. ಸಾಲಿನಲ್ಲಿದ್ದ ನೇಕಾರರು ಕತ್ತು ಚಾಚಿದರು, ಗೊಣಗಾಟ ನಿಂತಿತು. ಗಂಟು ಬರುವುದು ಬಟ್ಟೆಯ ಒಳಮೈಯಲ್ಲಿ ಮಾತ್ರ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲಾಖೆ ಶಾಲನ್ನು ಮಗುಚಿ ತೂಗುಹಾಕಿತ್ತು. ಇಡೀ ಬೀದಿ ಅದರ ಬೆನ್ನು ನೋಡಿ ತನ್ನನ್ನು ತಿದ್ದಿಕೊಂಡಿತ್ತು.