ಮುಕ್ಕುಂದದ ಬಾವಿಗೆ ಇಂಜಿನ್ ಬಂದ ದಿನ

ಇಂಜಿನ್ನಿನಿಂದ ಪಂಪಿಗೆ ಹಾಕಿದ ಪಟ್ಟಾ ಮೂರನೆಯ ಸಲವೂ ಕಳಚಿ ಬಿತ್ತು. ಮುಕ್ಕುಂದದ ಶಿವಶರಣಪ್ಪ ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ತನ್ನ ಹೊಸ ಇಂಜಿನ್ನನ್ನೇ ನೋಡುತ್ತ ನಿಂತ. ಅದನ್ನು ಕೂಡಿಸುವ ಮಿಸ್ತ್ರಿ ಬರಲು ಹದಿನೈದು ದಿನ ಬೇಕೆಂದು ರಾಯಚೂರಿನ ಅಂಗಡಿಯವನು ಹೇಳಿದ್ದ. ಐವತ್ತಮೂರರ ಆ ಶ್ರಾವಣದಲ್ಲಿ ಮೆಣಸಿನ ಸಸಿಗಳು ಅಷ್ಟು ದಿನ ಕಾಯುವಂತಿರಲಿಲ್ಲ. ಎತ್ತು ಕಟ್ಟಿ ಬಾವಿಯ ನೀರೆತ್ತುತ್ತಿದ್ದ ಕಪಿಲೆ ಬಿಚ್ಚಿಸಿ, ಆ ಎತ್ತುಗಳನ್ನು ಮಾರಿಯೂ ಆಗಿತ್ತು.

ಇಪ್ಪತ್ತು ವರ್ಷ ಅದೇ ಬಾವಿಯ ಮೇಲೆ ಕಪಿಲೆ ಹೊಡೆದಿದ್ದ ಮಾಳಿಂಗಪ್ಪ ಎದ್ದು ಬಂದ. ಇಂಜಿನ್ನಿನ ಗಾಲಿಯಿಂದ ಪಂಪಿನ ಗಾಲಿಗೆ ದಾರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. "ಸಾವ್ಕಾರ್ರ, ಈ ಗಾಲಿ ಆ ಗಾಲಿಗೆ ನೇರ ಇಲ್ಲ, ಒಂದ್ ಬಟ್ಟು ವಾರಿ ಆಗೇತ್ರಿ. ಆ ಕಡೆ ಸರಸೂನು."

ಇಬ್ಬರೂ ಇಂಜಿನ್ನನ್ನು ಸರಿಸಿ ಬೋಲ್ಟು ಬಿಗಿದರು. ಹಿಡಿಕೆ ತಿರುವಿದಾಗ ಪಟ್ಟಾ ಅಲುಗದೆ ಓಡಿತು. ಕಾಲುವೆಗೆ ನೀರು ಧುಮುಕಿತು. ಶಿವಶರಣಪ್ಪ ಮಾಳಿಂಗಪ್ಪನ ಹೆಗಲು ಹಿಡಿದು ನಕ್ಕ. ಅಷ್ಟರಲ್ಲಿ ಅವನ ಹೆಂಡತಿ ವೀರಭದ್ರಮ್ಮ ಹೊಲದ ದಾರಿಯಲ್ಲಿ ಬಿರಬಿರನೆ ಬಂದಳು.

"ನೀರು ಬಿದ್ದಾವ ನೋಡು," ಎಂದ ಗಂಡ.

ಅವಳು ಮಾಳಿಂಗಪ್ಪನತ್ತ ತಿರುಗಿದಳು. "ಇಷ್ಟು ವರ್ಷ ನೀರು ಹರಿದಾಗೆಲ್ಲ ನಿನ್ನ ಹಾಡು ಮನೀತನಕ ಕೇಳಸ್ತಿತ್ತು. ಇವತ್ತು ಕೇಳಸಲಿಲ್ಲಪ್ಪ, ಅದಕ್ಕ ಬಂದೆ. ಒಂದು ಪದ ಹಾಡು."

ಶಿವಶರಣಪ್ಪ ಇಂಜಿನ್ ನಿಲ್ಲಿಸಿದ. ಮಾಳಿಂಗಪ್ಪ ಗಂಟಲು ಸರಿಮಾಡಿಕೊಂಡು, ಎತ್ತುಗಳು ಹಿಂದೆ ಮುಂದೆ ನಡೆದು ಸವೆಸಿದ ಇಳಿಜಾರಿನತ್ತ ನೋಡಿದ.

"ಎತ್ತು ಮುಂದಿಲ್ದ ಪದ ಬಾಯಿಗೆ ಬರವಲ್ದ್ರಿ ಅವ್ವಾರ," ಎಂದ.