ನೋಲಾಳ ಕಾವಲಿ

"ಅಜ್ಜೀ, ಹೋಯ್ತು! ನಿನ್ನೆ ಹಾಕಿದ ವೆಲ್ಡಿಂಗ್ ಬಿಟ್ಟುಬಿಟ್ಟಿದೆ. ಪ್ಲೇಟು ನೇತಾಡ್ತಿದೆ!"

ಟೆಗನ್ ತನ್ನ ರೇಸ್ ಕಾರು, ಆ ಹಳೇ ‘ಬಗ್ಗಿ’ಯ ಕೆಳಗಿಂದ ತೆವಳಿ ಬಂದಳು. ಮುಖವೆಲ್ಲ ಫಿಂಕಿ ಊರಿನ ಕೆಂಪು ಧೂಳು. ನಿನ್ನೆ ಆಲಿಸ್ ಸ್ಪ್ರಿಂಗ್ಸ್‌ನಿಂದ ಇಲ್ಲಿಗೆ ರೇಸಿನಲ್ಲಿ ಮರಳುಗಾಡಿನ ಮೇಲೆ ಬಗ್ಗಿ ಹಾರಿಸಿಕೊಂಡು ಬಂದು ತನ್ನ ಗುಂಪಿಗೆಲ್ಲ ಮೊದಲಿಗಳಾಗಿದ್ದಳು ಹುಡುಗಿ! ಇವತ್ತು ಅದೇ ದಾರಿಯಲ್ಲಿ ವಾಪಸ್ ಓಟ, ಇನ್ನೇನು ಶುರು; ಮತ್ತೆ ವೆಲ್ಡಿಂಗ್ ಮಾಡಲು ಹೊತ್ತಿಲ್ಲ. ಇಂಜಿನ್ನಿನ ತಳ ಕಾಯುವ ಪ್ಲೇಟಿಲ್ಲದೆ ಹೊರಟರೆ ಮೊದಲ ಬಂಡೆಗೇ ಎಣ್ಣೆಯೆಲ್ಲ ಮರಳಿನ ಪಾಲು.

ಬಿಡಾರದಿಂದ ಬಿಡಾರಕ್ಕೆ ಓಡಿದ್ದ ಅಜ್ಜ ಡೆಸ್ ಏದುಸಿರು ಬಿಡುತ್ತ ಬಂದ. "ಯಾರ ಹತ್ರಾನೂ ಬೇರೆ ಪ್ಲೇಟಿಲ್ಲ! ಮೂವತ್ತು ವರ್ಷದ ಹಿಂದೆ ಆ ಕ್ವೀನ್ಸ್‌ಲ್ಯಾಂಡಿನ ಕಳ್ಳ ನನ್ನ ದಪ್ಪ ಪ್ಲೇಟು ಕದೀದೇ ಇದ್ದಿದ್ರೆ ಇದೇ ಬಗ್ಗಿಗೆ ಹಾಕಬಹುದಿತ್ತು, ಆಗ ನಾನು ಓಡಿಸ್ತಿದ್ದ ಬಗ್ಗಿ ತಾನೇ ಇದು. ಆ ವರ್ಷ ಗೆದ್ದೇ ಬಿಡ್ತಿದ್ದೆ ಕಣೇ ನಾನು!"

ಅಜ್ಜಿ ನೋಲಾ ಒಲೆಯ ಮುಂದೆ ಇಕ್ಕಳದಿಂದ ಇನ್ನೊಂದು ಸಾಸೇಜು ಮಗುಚಿದಳು. ಆ ಪ್ಲೇಟು ಸಾಸೇಜುಗಳ ಅಡಿಯಲ್ಲೇ ಇತ್ತು. ಆ ವರ್ಷ ಮುರಿದ ಪಕ್ಕೆಲುಬು ಕೂಡಿಕೊಳ್ಳುವ ಮೊದಲೇ ಗಂಡ ರೇಸಿಗೆ ಹೊರಟು ನಿಂತಾಗ ತಾನೇ ಬಿಚ್ಚಿ ಬಚ್ಚಿಟ್ಟಿದ್ದಳು. ಆಮೇಲೆ ಕಾವಲಿ ಮಾಡಿಕೊಂಡಳು. ಮೂವತ್ತು ವರ್ಷದಿಂದ ಡೆಸ್ ಅದರ ಮೇಲೆ ಬೆಂದದ್ದನ್ನೇ ಚಪ್ಪರಿಸುತ್ತ ಕಳ್ಳನಿಗೆ ಬೈಯುತ್ತಿದ್ದ.

ಈಗಲೂ ಸುಮ್ಮನಿದ್ದರೆ ಆಯಿತು. ಮೊಮ್ಮಗಳ ಕೈಕಾಲೂ ನೆಟ್ಟಗಿರುತ್ತವೆ. ಆದರೆ ಟೆಗನ್ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಬಿಕ್ಕುತ್ತಿದ್ದಳು. ನೋಲಾಳಿಗೆ ತಡೆಯಲಾಗಲಿಲ್ಲ. ಸಾಸೇಜುಗಳನ್ನೆಲ್ಲ ಒಂದೇ ಬೀಸಿಗೆ ತಟ್ಟೆಗೆ ತಳ್ಳಿದಳು.

"ಏಳೇ! ಈ ಕಾವಲೀಗೆ ಬಟ್ಟೆ ಸುತ್ತಿ ಹಿಡಿ, ಸುಡುತ್ತೆ. ಡೆಸ್, ಏನು ನೋಡ್ತೀಯ, ಸ್ಪ್ಯಾನರ್ ತಗೋ, ಇದನ್ನೇ ಕೆಳಗೆ ಬಿಗಿ!"

ಡೆಸ್ ಕೆಳಗೆ ತೂರಿದ. ಒಂದೊಂದೇ ಬೋಲ್ಟು ತಕರಾರಿಲ್ಲದೆ ಕೂತಿತು. ಆಮೇಲೆ ಸ್ಪ್ಯಾನರಿನ ಸದ್ದು ನಿಂತಿತು.

"ನೋಲಾ."

"ಏನು?"

"ತೂತೆಲ್ಲ ಸರಿಯಾಗಿ ಕೂತ್ವಲ್ಲೇ!"

"ಕೂರದೆ ಏನು? ಬಿಚ್ಚಿದ್ದು ನಾನೇ ತಾನೆ. ಬೇಗ ಬಿಗಿ!"

ಇಂಜಿನ್ ಗುಡುಗಿತು. ಸುಟ್ಟ ಸಾಸೇಜಿನ ವಾಸನೆ ಎಬ್ಬಿಸುತ್ತ ಬಗ್ಗಿ ಓಟದ ಗೆರೆಯತ್ತ ನುಗ್ಗಿತು. ಅಕ್ಕಪಕ್ಕದ ಬಿಡಾರದವರೆಲ್ಲ ಕೇಕೆ ಹಾಕಿದರು. ನೋಲಾ ಇಕ್ಕಳ ಎತ್ತಿ ಎತ್ತಿ ಬೀಸಿದಳು.

ಡೆಸ್‌ನ ಮೀಸೆ ಅದುರುತ್ತಿತ್ತು. "ನನ್ನ ತಡೆದ್ಹಾಗೆ ಇವಳನ್ನೂ ತಡೀಬಹುದಿತ್ತಲ್ಲ. ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು."

"ನಿನ್ನ ತಡೆದು ಏನಾಯ್ತು?" ನೋಲಾ ಧೂಳಿನಿಂದ ಕಣ್ಣು ತೆಗೆಯಲಿಲ್ಲ. "ಊಟಕ್ಕೆ ಕೂತಾಗಲೆಲ್ಲ ಆ ಒಂದು ರೇಸು ಇನ್ನೂ ಓಡ್ತಾನೇ ಇದ್ದೀಯ. ಇವಳದ್ದು ಇವತ್ತೇ ಮುಗೀಲಿ."