ಮಗ್ಗುಲು ಬದಲಿಸುವ ಪಾಠ

"ಮಧ್ಯಾಹ್ನಕ್ಕೆ ಮೊದಲೇ ಹೋದರೆ ಹಾಜರಿ ಇಲ್ಲ ಚೇಚಿ. ಹಾಜರಿ ಇಲ್ಲದೆ ಸರ್ಟಿಫಿಕೇಟ್ ಇಲ್ಲ, ನಿಮ್ಮ ಆರೈಕೆ ಮನೆಗೆ ಸಹಾಯಧನವೂ ಇಲ್ಲ," ಎಂದು ಬತ್ತೇರಿಯ ಆರೈಕೆ ತರಬೇತಿಯ ಅಧಿಕಾರಿ ನಿಧಿನ್ ಮೂರನೆಯ ಸಲ ಹೇಳಿದಾಗ ಬೊಮ್ಮಿಯ ತಾಳ್ಮೆ ಮುಗಿಯಿತು. ತನ್ನೂರು ನೂಲ್ಪುಳದ ಆ ಮನೆಯಲ್ಲಿ ಹಾಸಿಗೆ ಹಿಡಿದ ನಾಲ್ವರನ್ನು ಒಂಬತ್ತು ವರ್ಷದಿಂದ ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಈಗ ಅವರ ಬಳಿ ಕೂತಿದ್ದ ಪಕ್ಕದ ಮನೆಯ ಸೀತ ಹನ್ನೆರಡಕ್ಕೆ ಕೂಲಿಗೆ ಹೋಗಬೇಕಿತ್ತು. ತಾನು ಇಲ್ಲಿರುವಷ್ಟು ಹೊತ್ತು ಬದಲಿಗೆ ಒಬ್ಬರನ್ನು ಕೊಡಿ ಎಂದರೆ, ಯೋಜನೆಯಲ್ಲಿ ಅದಿಲ್ಲ ಎಂದು ತರಬೇತಿಯವರು ಹೇಳುತ್ತಿದ್ದರು.

ಪಾಠಕ್ಕೆಂದು ಹಾಕಿದ್ದ ಮಂಚದ ಮೇಲೆ ರಬ್ಬರಿನ ಗೊಂಬೆ ಮಲಗಿತ್ತು. ಬೊಮ್ಮಿ ಅದನ್ನೆತ್ತಿ ಕುರ್ಚಿಯಲ್ಲಿ ಕೂರಿಸಿದಳು. "ನೀವು ಮಲಗಿ ಸಾರೇ, ಮಗ್ಗುಲು ಬದಲಿಸೋದು ತೋರಿಸ್ತೀನಿ."

ನಿಧಿನ್ ನಗುತ್ತಲೇ ಮಲಗಿದ. ಅವಳು ಅವನ ಭುಜಕ್ಕೊಂದು, ಸೊಂಟಕ್ಕೊಂದು ಕೈ ಕೊಟ್ಟು ಒಂದೇ ಸಲಕ್ಕೆ ಗೋಡೆಯ ಕಡೆ ತಿರುಗಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟಳು. ಆಮೇಲೆ ತನ್ನ ಚೀಲ ಹೆಗಲಿಗೇರಿಸಿದಳು. "ಇನ್ನು ಅಲುಗಾಡಬೇಡಿ ಸಾರೇ. ಸೊಂಟ ಉರಿದರೂ, ಬಾಯಿ ಒಣಗಿದರೂ ಹಾಗೇ ಇರಿ. ಸಂಜೆ ಬಂದು ಈ ಕಡೆ ತಿರುಗಿಸ್ತೀನಿ."

ಹಿಂದೆ ಕೂತು ಪಾಠ ನೋಡುತ್ತಿದ್ದವರಲ್ಲಿ ಯಾರೋ ನಕ್ಕರು. ನಿಧಿನ್ ನಗಲಿಲ್ಲ, ಏಳಲೂ ಇಲ್ಲ. ಗೋಡೆಗೆ ಹೇಳುವಂತೆ ಕೇಳಿದ: "ಸೀತ ಹೋದ ಮೇಲೆ ಅವರ ಹತ್ತಿರ ಯಾರಿರ್ತಾರೆ?"

"ಯಾರೂ ಇಲ್ಲ."

"ನೀವು ಹೋಗಿ ಚೇಚಿ," ಎಂದ ಅವನು, ಮೆಲ್ಲಗೆ. "ಹಾಜರಿ ಮಾತ್ರ ನನ್ನ ಕೈಯಲ್ಲಿಲ್ಲ."

ಬೊಮ್ಮಿ ಹನ್ನೆರಡರೊಳಗೆ ಮನೆ ಸೇರಲು ಬತ್ತೇರಿ ಬಸ್ ನಿಲ್ದಾಣದ ಕಡೆ ಓಡಿದಳು.